ಮಾರ್ನಮಿಯ ಹುಲಿಗಳೂ ಇದ್ದಲಿನ ಮಸಿಯೂ

ಶರದೃತುವಿನ ಆಗಮನವನ್ನು ಸಂಸ್ಕೃತ ಕವಿಗಳು ಕಾಶಪುಷ್ಪಗಳಿಂದಲೂ ಹಂಸಗಳ ಧ್ವನಿಯಿಂದಲೂ ಗುರುತಿಸುವರು. ತುಳುನಾಡಿನ ಮಕ್ಕಳಾದ ನಮಗಾದರೋ ಅದು ತಾಸೆಯ ಸದ್ದಿನಿಂದ ತಿಳಿಯುತ್ತಿತ್ತು. ಮಳೆಯು ಹಿಂಜರಿದು, ಏಣೆಲು ಬೆಳೆಯ ಗದ್ದೆಗಳು ಹಳದಿಗೆ ತಿರುಗಿ, ಶಾಲೆಗೆ ದಸರೆಯ ರಜೆ ದೊರೆಯಿತೆಂದರೆ, ನೇತ್ರಾವತಿಯ ದಕ್ಷಿಣದಲ್ಲಿರುವ ನಮ್ಮ ಊರಿಗೆ ಮಧ್ಯಾಹ್ನದ ಹೊತ್ತು ಆ ಚರ್ಮವಾದ್ಯದ ಒಣ ಪೆಟ್ಟು ದೂರದಿಂದ ಕೇಳಿಬರುವುದು. ಕೇಳಿದೊಡನೆ ದೊಡ್ಡ ಹುಡುಗರು ಗದ್ದೆಯ ಹುಣಿಯ ಮೇಲೆ ಹೊರಗೆ ಓಡುವರು. ನಾನು ಮನೆಯ ಒಳಕ್ಕೆ ಓಡುವೆನು.

ವಾಚಕರಲ್ಲಿ ಘಟ್ಟದ ಮೇಲಿನವರೂ ಇರುವುದರಿಂದ ಒಂದೆರಡು ಮಾತುಗಳನ್ನು ಇಲ್ಲಿಯೇ ಹೇಳಿಬಿಡುವೆನು. ಮಹಾನವಮಿಯನ್ನು ನಮ್ಮವರು ಮಾರ್ನಮಿಯೆನ್ನುವರು. ಆ ದಿನಗಳಲ್ಲಿ ಮಂಗಳೂರಿನ ಸುತ್ತುಮುತ್ತಲು ನಾನಾ ವೇಷಗಳು ಮನೆಮನೆಗೆ ಬರುವುದುಂಟು. ಕರಡಿ, ಸಿಂಹ, ಕೋರೆಹಲ್ಲಿನ ರಕ್ಕಸ, ಮರದ ಕೋವಿ ಹಿಡಿದ ಬೇಟೆಗಾರ, ಹೀಗೆ ಎಷ್ಟೋ ಬಗೆ. ಎಲ್ಲಕ್ಕೂ ಮೇಲಾದುದು ಹುಲಿ. ಉಡುಪಿಯಲ್ಲಿ ಅದು ಕೃಷ್ಣಾಷ್ಟಮಿಗೆ ಪ್ರಸಿದ್ಧವು. ನಮ್ಮಲ್ಲಿ ದೇವಿಯ ವಾಹನವೆಂದು ನವರಾತ್ರಿಗೆ.

ಅದು 1973ನೆಯ ಇಸವಿ. ನನಗೆ ಎಂಟು ವರುಷ. ಅಂದು ತಾಸೆಯ ಸದ್ದು ಕೇಳಿ ನಾನು ಅಕ್ಕಿಮುಡಿಗಳನ್ನಿಡುವ ಕೋಣೆಯನ್ನು ಹೊಕ್ಕು, ಮುಡಿಗಳ ಮರೆಯಲ್ಲಿ ಕುಳಿತೆನು. ದುರ್ದೈವವಶಾತ್ ಹುಲಿಗೆ ಬೇಕಾದುದೂ ಮುಡಿಯೇ. ನಲವತ್ತೆರಡು ಸೇರು ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದ ಮುಡಿಯನ್ನು ಹಲ್ಲಿನಿಂದಲೇ ಕಚ್ಚಿ ಎತ್ತಿ, ತಲೆಯ ಮೇಲಿಂದ ಹಿಂದಕ್ಕೆ ಎಸೆಯುವುದು ಬಲಿಷ್ಠವಾದ ಹುಲಿಗೆ ಗೌರವದ ವಿಷಯ. ಅದನ್ನು ತರಲು ಬಂದ ಅಜ್ಜಿಯು ನನ್ನನ್ನು ಕಂಡು, ಕೈಹಿಡಿದು ಅಂಗಳಕ್ಕೆ ಎಳೆತಂದು, ಅಂಗೈಯಲ್ಲಿ ನಾಲ್ಕಾಣೆಯನ್ನಿಟ್ಟು, “ನೀನೇ ಕೊಡು” ಎಂದಳು.

ಮೈತುಂಬ ಅರಸಿನ ಬಣ್ಣ, ಅದರ ಮೇಲೆ ಕಪ್ಪು ಪಟ್ಟೆ. ಕುರಿಯ ರೋಮ ತೊಡಿಸಿದ ದಪ್ಪ ತಲೆ. ಹೊರಚಾಚಿದ ಕೆಂಪು ನಾಲಗೆ. ಅದು ತಾಳಕ್ಕೆ ತಕ್ಕಂತೆ ಹೊಂಚುಹಾಕುತ್ತ, ನೆಲವನ್ನು ಮೂಸುತ್ತ ನನ್ನತ್ತ ಬಂದಿತು. ಭರತಮುನಿಯು ಎಣಿಸಿರುವ ಸಾತ್ತ್ವಿಕಭಾವಗಳು ಎಂಟು. ಅವುಗಳಲ್ಲಿ ಪ್ರಲಯವೆಂಬ ಮೂರ್ಛೆಯೊಂದನ್ನುಳಿದು ಸ್ತಂಭ, ಸ್ವೇದ, ಕಂಪವೇ ಮೊದಲಾದವೆಲ್ಲ ಅಂದು ನನ್ನಲ್ಲಿ ಒಟ್ಟಿಗೆ ತೋರಿದುವು. ಮುಂದೆ ಪಂಡಿತರಲ್ಲಿ ಅಲಂಕಾರಶಾಸ್ತ್ರವನ್ನು ಓದುವಾಗ ಆ ಪ್ರಕರಣಕ್ಕೆ ನನಗೆ ಟೀಕೆಯೇ ಬೇಕಾಗಲಿಲ್ಲ!

ಹುಲಿಯು ನಾಣ್ಯಕ್ಕೆ ಬಾಯಿ ತಂದಿತು. ಆ ತಲೆಯೊಳಗಿನಿಂದ, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ, “ಮಾಣಿ, ನಾನು, ನಾನು” ಎಂಬ ಮಾತು ಹೊರಟಿತು. ಧ್ವನಿಯು ನಮ್ಮ ತೋಟದಲ್ಲಿ ತೆಂಗಿನಕಾಯಿ ಕೀಳುವವನದು. ಆದರೂ ನಾನು ನಾಣ್ಯವನ್ನು ಕೆಳಕ್ಕೆ ಹಾಕಿ ಓಡಿದೆನು. ಗುರುತು ಸಿಕ್ಕಿದೊಡನೆ ಭಯವು ಹೋಗುವುದೆಂದು ತರ್ಕಶಾಸ್ತ್ರವು ಹೇಳಬಹುದು. ಎಂಟು ವರುಷದ ಹುಡುಗನ ಕಾಲುಗಳು ತರ್ಕವನ್ನು ಓದಿರಲಿಲ್ಲ.

ಆ ರಾತ್ರಿ ಅಜ್ಜಿಯು ಸಂಗತಿಯನ್ನು ತಿಳಿಸಿದಳು. ಆ ಮಳೆಗಾಲದಲ್ಲಿ ಅವನ ಮಗಳು ಜ್ವರದಿಂದ ಬದುಕುವ ಆಸೆಯೇ ಇಲ್ಲದಂತಾಗಿದ್ದಳಂತೆ. ಉಳಿದರೆ ಮೂರು ವರುಷ ಹುಲಿಯಾಗಿ ಕುಣಿಯುವೆನೆಂದು ಅವನು ಮಂಗಳಾದೇವಿಗೆ ಹರಕೆ ಹೊತ್ತನು. ಹುಡುಗಿಯು ಎದ್ದು ಕುಳಿತಳು. ಹುಲಿಯ ವೇಷವು ಹಲವರಿಗೆ ಹೀಗೆ ಹರಕೆಯೇ ಹೊರತು ವಿನೋದವಲ್ಲ. ಮೈಯ ಕೂದಲನ್ನು ಬೋಳಿಸಿ, ಎಣ್ಣೆಬಣ್ಣವನ್ನು ಬಳಿದು, ಒಂದು ಬಣ್ಣ ಒಣಗಿದ ಬಳಿಕ ಇನ್ನೊಂದನ್ನು ಹಚ್ಚುವರು. ಒಣಗುವ ತನಕ ಕೈಗಳನ್ನು ಚಾಚಿ, ಕೋಲಿಗೆ ಆನಿಸಿ, ರಾತ್ರಿಯೆಲ್ಲ ನಿಂತೇ ಇರಬೇಕು. ಕುಳಿತರೆ ಪಟ್ಟೆ ಕೆಡುವುದು. ಬಣ್ಣವು ಬಿಗಿದಂತೆ ಬೆವರು ಹೊರಬರಲಾರದೆ ಮೈ ಸುಡುವುದು. ಹಬ್ಬ ಕಳೆದ ಮೇಲೆ ನಾನು ಧೈರ್ಯಮಾಡಿ ಅವನ ಮನೆಯ ಬಳಿಗೆ ಹೋದೆನು. ಅವನು ಬಾವಿಯ ಕಟ್ಟೆಯಲ್ಲಿ ಕುಳಿತು ಸೀಮೆಎಣ್ಣೆಯಿಂದ ಮೈಯನ್ನು ಉಜ್ಜಿಕೊಳ್ಳುತ್ತಿದ್ದನು. ಹಿಂದೆ ನಿಂತ ಮಗಳು ಬೆನ್ನಿಗೆ ತೆಂಗಿನೆಣ್ಣೆ ಹಚ್ಚುತ್ತಿದ್ದಳು. ಬಣ್ಣ ಹೋದಲ್ಲಿ ಚರ್ಮವು ಕೆಂಪಗೆ ಬೆಂದಂತಿತ್ತು. ನನ್ನನ್ನು ಕಂಡು ಅವನು ಒಮ್ಮೆ ಹುಲಿಯಂತೆ ಗುರುಗುಟ್ಟಿದನು, ಮೂವರೂ ನಕ್ಕೆವು.

ಈಗ ಹುಲಿವೇಷಕ್ಕೆ ಸ್ಪರ್ಧೆಗಳೂ ಬಹುಮಾನಗಳೂ ಉಂಟು. ಹೆಣ್ಣುಮಕ್ಕಳೂ ಹುಲಿಗಳಾಗಿ ಕುಣಿಯುವರು. ನೋಡಿ ಸಂತೋಷಪಡುವವರಲ್ಲಿ ನಾನೂ ಒಬ್ಬನು. ಆದರೆ ಮಾರ್ನಮಿಯ ನೆನಪುಗಳನ್ನು ಬರೆಯಲು ಕುಳಿತವನು ಇಷ್ಟಕ್ಕೇ ಲೇಖನಿಯನ್ನು ಕೆಳಗಿಟ್ಟರೆ ಅರ್ಧವನ್ನು ಮುಚ್ಚಿಟ್ಟಂತಾಗುವುದು.

ಆ ಕಾಲದಲ್ಲಿ ಕೊರಗ ವೇಷವೆಂಬುದೊಂದಿತ್ತು. ಇತರ ಜಾತಿಯವರು ಮೈಗೆ ಇದ್ದಲಿನ ಮಸಿ ಬಳಿದುಕೊಂಡು, ಅಡಿಕೆಯ ಹಾಳೆಯ ಟೊಪ್ಪಿಯನ್ನಿಟ್ಟು, ಕೊರಗರ ನಡೆನುಡಿಗಳನ್ನು ಅಣಕಿಸುತ್ತ ಬರುವರು. ಇದನ್ನೂ ಹರಕೆಯಾಗಿ ಹಾಕುವವರಿದ್ದರು. ತನ್ನ ಮಗುವಿನ ಕ್ಷೇಮಕ್ಕಾಗಿ ಒಬ್ಬನು ಹುಲಿಯಾಗುವನು, ಇನ್ನೊಬ್ಬನು ನೆರೆಯವರನ್ನು ನಗೆಗೀಡುಮಾಡುವನು. ಎರಡೂ ದೇವಿಗೆ ಸಲ್ಲುವ ಸೇವೆಯೆಂದು ಊರವರು ತಿಳಿದಿದ್ದರು. ಹುಲಿಗೆ ಅಷ್ಟು ಅಂಜಿದ ನಾನು ಈ ವೇಷಕ್ಕೆ ಎಳ್ಳಷ್ಟೂ ಅಂಜಲಿಲ್ಲ. ಎಲ್ಲರೂ ನಕ್ಕರು, ನಾನೂ ಹೊಟ್ಟೆ ಹಿಡಿದು ನಕ್ಕೆನು. ಅಷ್ಟೇ ಅಲ್ಲ, ಮರುದಿನ ನಾಲ್ವರು ಹುಡುಗರು ಕೂಡಿ ಬಚ್ಚಲಿನ ಒಲೆಯ ಇದ್ದಲನ್ನು ಅರೆದು ಬಳಿದುಕೊಂಡು ಓಣಿಯಲ್ಲಿ ಅದೇ ಆಟವನ್ನಾಡಿದೆವು.

ಆಟದ ನಡುವೆ ಓಣಿಯ ತಿರುವಿನಲ್ಲಿ ಕೊರಗರ ಮುದುಕಿಯೊಬ್ಬಳು ಬಂದು ನಿಂತಳು. ಬಳ್ಳಿಯಿಂದ ಹೆಣೆದ ಹೊಸ ಬುಟ್ಟಿಗಳು ಅವಳ ತಲೆಯ ಮೇಲಿದ್ದುವು. ಏಣೆಲು ಕೊಯ್ಲಿನ ಮುನ್ನ ಪ್ರತಿವರ್ಷವೂ ನಮ್ಮ ಮನೆಗೆ ಬುಟ್ಟಿ ಕೊಡುತ್ತಿದ್ದವಳು ಅವಳೇ. ನಮ್ಮನ್ನು ಗದರಿಸಲಿಲ್ಲ, ಮಾತನ್ನೂ ಆಡಲಿಲ್ಲ. ನನ್ನ ಹಾಳೆಯ ಟೊಪ್ಪಿಯನ್ನು ಸ್ವಲ್ಪ ಹೊತ್ತು ನೋಡಿ, ನಮ್ಮ ಮನೆಯ ದಣಪೆಯವರೆಗೂ ಬಂದಿದ್ದವಳು ತಿರುಗಿ ನಡೆದುಬಿಟ್ಟಳು. ನಾನು ಬಾವಿಯ ಬಳಿಗೆ ಹೋಗಿ ತೊಳೆದುಕೊಂಡೆನು. ಹುಲಿಯ ಬಣ್ಣವನ್ನು ತೆಗೆಯಲು ಅಷ್ಟೊಂದು ಎಣ್ಣೆ ಬೇಕಾಯಿತು. ನನ್ನ ಮಸಿಯು ಒಂದು ಕೊಡ ನೀರಿಗೇ ಹೋಯಿತು.

ಕೊರಗರನ್ನು ಹೀನಾಯವಾಗಿ ಕಾಣುವ ಅಜಲು ಪದ್ಧತಿಯನ್ನು ಕರ್ನಾಟಕ ಸರಕಾರವು 2000ನೆಯ ಇಸವಿಯ ಕಾಯಿದೆಯಿಂದ ನಿಷೇಧಿಸಿತು. ಉಪಾಧ್ಯಾಯನಾಗಿ ನಾನು ಆ ಕಾಯಿದೆಯ ವಿಷಯವನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿರುವೆನು; ಓಣಿಯ ಸಂಗತಿಯನ್ನು ಮಾತ್ರ ಒಮ್ಮೆಯೂ ಹೇಳಲಿಲ್ಲ.

ಅಂದು ಸಂಜೆ ಅಜ್ಜಿಯು ದಣಪೆಯ ಬಳಿ ನಿಂತು, ಬುಟ್ಟಿಯವಳು ಈ ಸಲ ಏಕೆ ಬರಲಿಲ್ಲವೆಂದು ಎರಡು ಮೂರು ಸಲ ಕೇಳಿದಳು. ನಾನು ಅಲ್ಲಿಯೇ ಇದ್ದೆನು; ಉತ್ತರ ಕೊಡಲಿಲ್ಲ. ಆ ವರುಷ ನಮ್ಮ ಮನೆಯ ಹೊಸ ಭತ್ತವನ್ನು ಹಳೆಯ, ಅಂಚು ಬಿಚ್ಚಿದ ಬುಟ್ಟಿಗಳಲ್ಲಿಯೇ ಹೊತ್ತರು.