ಪಟ್ಟಣದಲ್ಲಿ ಕಣ್ಣಾಮುಚ್ಚಾಲೆ

ಕಣ್ಣಾಮುಚ್ಚಾಲೆಗೆ ಚೆಂಡು ಬೇಡ, ಕೋಲು ಬೇಡ, ಹಣವೂ ಬೇಡ. ಬೇಕಾದುದು ನಾಲ್ಕಾರು ಗೆಳತಿಯರು, ಅಡಗಲು ಸ್ಥಳ. ಹಿಂದಿನ ಕ್ರಮದಲ್ಲಿ ಮನೆಯ ಹಿರಿಯಳಾಗಲಿ ದೊಡ್ಡ ಹುಡುಗಿಯಾಗಲಿ ಅಜ್ಜಿಯಾಗಿ ಕುಳಿತು ಹುಡುಕುವವಳ ಕಣ್ಣು ಮುಚ್ಚುವಳು. ಹಾಡು ಮುಗಿಯುವುದರೊಳಗೆ ಉಳಿದವರು ಅಡಗಬೇಕು. ಹುಡುಕುವವಳ ಕೈಗೆ ಸಿಕ್ಕದೆ ಓಡಿಬಂದು ಅಜ್ಜಿಯನ್ನು ಮುಟ್ಟಿದವಳು ಪಾರಾದಳು. ಪಟ್ಟಣದ ಮಕ್ಕಳು ಇಂಗ್ಲಿಷಿನ ಐ ಸ್ಪೈ ಎಂಬುದನ್ನು ಐಸ್‌ಪೈಸ್ ಮಾಡಿಕೊಂಡು, ಅಜ್ಜಿಯನ್ನು ಬಿಟ್ಟು, ಕಂಡವಳ ಹೆಸರು ಕೂಗುವ ಕ್ರಮವನ್ನು ಹಿಡಿದರು. ಹೆಸರು ತಪ್ಪಿದರೆ ಮತ್ತೆ ಅವಳೇ ಹುಡುಕಬೇಕು; ಆದಕಾರಣ ಗೆಳತಿಯರು ದುಪಟ್ಟಾಗಳನ್ನು ಅದಲುಬದಲು ಮಾಡಿಕೊಂಡು ಗೋಡೆಯ ಮರೆಯಿಂದ ಅಂಚನ್ನು ಮಾತ್ರ ತೋರಿಸುವರು! ತೀರ ಚಿಕ್ಕವರು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಮೂರು ವರ್ಷದ ಮಗು ತನ್ನ ಕಣ್ಣನ್ನೇ ಮುಚ್ಚಿಕೊಂಡು, ತಾನು ಯಾರಿಗೂ ಕಾಣೆನೆಂದು ನಡುಮನೆಯಲ್ಲಿಯೇ ನಿಂತಿರುವುದು. ಮತ್ತೊಬ್ಬರ ಕಣ್ಣಿಗೆ ತಾನು ಹೇಗೆ ತೋರುವೆನೆಂಬ ಎಣಿಕೆ ಅದಕ್ಕಿನ್ನೂ ಬಂದಿಲ್ಲ, ಆಡುತ್ತಾಡುತ್ತ ಬರುವುದು.

ಬೆಂಗಳೂರಿನಲ್ಲಿ 1898ರ ಪ್ಲೇಗಿನ ತರುವಾಯ ಬೆಳೆದ ಮಲ್ಲೇಶ್ವರ, ಬಸವನಗುಡಿಗಳ ಮನೆಗಳ ಹಿಂದಣ ಕನ್ಸರ್ವೆನ್ಸಿ ಓಣಿಗಳೂ, ಪೇಟೆಯ ವಠಾರಗಳ ಅಂಗಳಗಳೂ ಈ ಆಟಕ್ಕೆ ಹೇಳಿಮಾಡಿಸಿದಂತಿದ್ದವು. ಇಂದು ಅನೇಕ ಮಕ್ಕಳಿಗೆ ಉಳಿದಿರುವುದು ವಾಹನ ನಿಲ್ಲಿಸುವ ನೆಲಮಾಳಿಗೆ. ಆದುದರಿಂದ ತಂದೆತಾಯಿಗಳ ಭಯವು ನಿರಾಧಾರವಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗಣ ಸೆಕೆ ಸ್ವಲ್ಪ ಹೊತ್ತಿನಲ್ಲಿಯೇ ಪ್ರಾಣಾಪಾಯಕರವಾಗುವುದು. ಮುಚ್ಚಳ ಸಡಿಲವಾದ ನೀರಿನ ಸಂಪಿನ ಮಾತನ್ನು ಹೇಳಲೇಬೇಕಾಗಿಲ್ಲ. ಅಮೆರಿಕದಲ್ಲಿ ರೆಫ್ರಿಜರೇಟರಿನೊಳಗೆ ಸಿಕ್ಕಿಕೊಂಡ ಮಕ್ಕಳು ಉಸಿರುಕಟ್ಟಿ ಸತ್ತುದರಿಂದ, ಅದರ ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕೆಂದು 1956ರಲ್ಲಿ ಕಾಯಿದೆಯನ್ನೇ ಮಾಡಿದರು.

ನಮ್ಮಲ್ಲಾದರೋ ಬಾಗಿಲನ್ನು ತಿದ್ದುವ ಬದಲು ಹುಡುಗಿಯನ್ನು ಒಳಗೆ ಕೂಡಿಸುವುದೇ ಸುಲಭವೆಂದು ತೋರಿದೆ. ಪ್ರೌಢಶಾಲೆಗೆ ಸೇರುತ್ತಲೇ ಅನೇಕ ಬಾಲಿಕೆಯರ ಸಂಜೆಯ ಆಟ ನಿಲ್ಲುವುದನ್ನು ನಾವು ವರ್ಷವರ್ಷವೂ ಕಾಣುತ್ತಿದ್ದೇವೆ. ತಮ್ಮನ ಆಟ ನಿಂತುದನ್ನು ಕೇಳಿಲ್ಲ. ಪ್ರವಾದಿಯಾದ ಜೆಕರ್ಯನು ತನ್ನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಯೆರೂಸಲೇಮು ಮತ್ತೆ ನೆಮ್ಮದಿಗೊಂಡುದರ ಗುರುತಾಗಿ ಬೀದಿಯಲ್ಲಿ ಆಡುವ ಮಕ್ಕಳನ್ನು ತೋರಿಸುವಾಗ, ಬಾಲಕರೊಡನೆ ಬಾಲಿಕೆಯರನ್ನೂ ಹೆಸರಿಸಿದ್ದಾನೆ. ಅದೇ ಬೀದಿಗಳಲ್ಲಿ ಮುದುಕಿಯರನ್ನೂ ಕುಳ್ಳಿರಿಸಿದ್ದಾನೆ.

ಆ ಅಜ್ಜಿಯೇ ನಮ್ಮ ಪಟ್ಟಣದ ಆಟಕ್ಕೆ ಮರಳಿ ಬೇಕಾದವಳು. ಸಂಪಿಗೂ ಕಾರಿಗೂ ಬೀಗ ಹಾಕಿಸಿರಿ. ಮುಚ್ಚಳವುಳ್ಳ ಯಾವುದರೊಳಗೂ ಅಡಗಕೂಡದೆಂಬ ಒಂದು ನಿಯಮವನ್ನು ಆಟಕ್ಕೆ ಸೇರಿಸಿರಿ. ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಈಗ ತಾಯಂದಿರಾದವರು ವಾರಕ್ಕೊಂದು ಸಂಜೆ ಆ ಸ್ಥಾನದಲ್ಲಿ ಕುಳಿತರೆ, ಮಕ್ಕಳು ಎಲ್ಲೆಲ್ಲಿ ಅಡಗುವರೆಂಬುದು ಕೇಳದೆಯೇ ತಿಳಿಯುವುದು.