ಕೋಲಾರದ ಗುಹೆಯಲ್ಲಿ ಕೇಳದ ಕೂಗು

ಬೆಂಗಳೂರಿನ ಪಶ್ಚಿಮದ ಹೇರೋಹಳ್ಳಿಯಂತಹ ಬಡಾವಣೆಗಳಲ್ಲಿ ಬೀದಿದೀಪ ಹೊತ್ತಿಕೊಂಡೊಡನೆ, ಅದನ್ನು ಮುತ್ತುವ ಹುಳುಗಳಿಗಾಗಿ ಸಣ್ಣ ಬಾವಲಿಗಳು ಹಾರಿಬರುವುದುಂಟು. ಮನೆಯೊಳಗೆ ಬಾವಲಿ ಹೊಕ್ಕರೆ ಅಶುಭವೆಂದು ಹಿರಿಯರು ಕದವಿಕ್ಕುತ್ತಾರೆ; ಮಕ್ಕಳು ಅದು ಕುರುಡೆಂದು ನಂಬುತ್ತಾರೆ. ಬಾವಲಿ ಕುರುಡಲ್ಲ. ಆದರೆ ಇರುಳಿನಲ್ಲಿ ಅದಕ್ಕೆ ದಾರಿ ತೋರುವುದು ಕಣ್ಣಲ್ಲ, ಕಿವಿ.

ಈ ಗುಟ್ಟು ಬಿಚ್ಚಿಕೊಳ್ಳಲು ಒಂದೂವರೆ ಶತಮಾನವೇ ಹಿಡಿಯಿತು. ಕಣ್ಣು ಕಳೆದುಕೊಂಡ ಬಾವಲಿಯೂ ಎಲ್ಲಿಯೂ ತಗಲದೆ ಹಾರುತ್ತದೆಂಬುದನ್ನು ಇಟಲಿಯ ಸ್ಪಲಾಂಜಾನಿ 1793ರ ಸುಮಾರಿಗೆ ಕಂಡನು. ಕಿವಿ ಮುಚ್ಚಿದರೆ ಅದು ದಿಕ್ಕುಗೆಡುತ್ತದೆಂದು ಸ್ವಿಟ್ಜರ್ಲೆಂಡಿನ ಜೂರಿನ್ ತೋರಿಸಿದನು. ಕಾರಣ ಮಾತ್ರ ಯಾರಿಗೂ ಹೊಳೆಯಲಿಲ್ಲ. 1938ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಡೊನಾಲ್ಡ್ ಗ್ರಿಫಿನ್, ಪ್ರೊಫೆಸರ್ ಪಿಯರ್ಸ್ ಅವರ ಯಂತ್ರದೆದುರು ಬಾವಲಿಗಳನ್ನು ಹಿಡಿದಾಗ, ನಿಶ್ಶಬ್ದವೆಂದು ಬಗೆದಿದ್ದ ಪ್ರಾಣಿ ಕೂಗುತ್ತಿರುವುದು ತಿಳಿಯಿತು!

ಸೆಕೆಂಡಿಗೆ 20,000 ಕಂಪನಗಳನ್ನು ಮೀರಿದ ಧ್ವನಿ ಮನುಷ್ಯನ ಕಿವಿಗೆ ನಿಲುಕದು. ಬಾವಲಿಯ ಕೂಗು ಸಾಮಾನ್ಯವಾಗಿ ಅದಕ್ಕೂ ಮೇಲಿನದು. ಮೂರೂವರೆ ಮೀಟರು ದೂರದ ಗೋಡೆಗೆ ಬಡಿದು ಅದು ಹಿಂದಿರುಗಲು ಸೆಕೆಂಡಿನ ಐವತ್ತನೆಯ ಒಂದು ಭಾಗ ಸಾಕು. ಆ ಮಾರ್ದನಿಯಿಂದಲೇ ಬಾವಲಿ ಗೋಡೆ ಯಾವುದು, ಹುಳು ಯಾವುದು ಎಂದು ಅರಿಯುತ್ತದೆ.

ಈ ವಿದ್ಯೆ ಇಂದು ನಮ್ಮ ನಾಡಿನ ಒಂದು ಅಪೂರ್ವ ಜೀವಿಯ ಅಳಿವು ಉಳಿವಿನ ಪ್ರಶ್ನೆಗೆ ಒದಗಿಬಂದಿದೆ. ಕೋಲಾರದ ಎಲೆಮೂಗಿನ ಬಾವಲಿಯನ್ನು ಪ್ರತ್ಯೇಕ ಜಾತಿಯೆಂದು 1994ರಲ್ಲಿ ವರ್ಣಿಸಿದವರು ಡೀಟರ್ ಕಾಕ್ ಮತ್ತು ಎಚ್. ಆರ್. ಭಟ್. ಮೂಗಿನ ಸುತ್ತ ಎಲೆಯಂತೆ ಮಡಿಕೆಗೊಂಡ ಚರ್ಮವಿರುವುದರಿಂದ ಆ ಹೆಸರು. ಈ ವರ್ಗದ ಬಾವಲಿಗಳು ಕೂಗುವುದು ಬಾಯಿಂದಲ್ಲ, ಮೂಗಿನಿಂದ. ಎಲೆಯು ಆ ಧ್ವನಿಯನ್ನು ಬೇಕಾದತ್ತ ತಿರುಗಿಸುತ್ತದೆ. ಕೋಲಾರ ಜಿಲ್ಲೆಯ ತೇರಹಳ್ಳಿಯ ಗುಹೆಯಲ್ಲಿ ಇದರ ಸಂತತಿ ನಶಿಸಿಹೋಗಿದೆ. ಈಗ ತಿಳಿದಿರುವ ನೆಲೆ ಹನುಮನಹಳ್ಳಿಯ ಗುಹೆಯೊಂದೇ. ಅಲ್ಲಿ ಉಳಿದಿರುವುವು ಇನ್ನೂರಕ್ಕೂ ಕಡಮೆಯೆಂದು ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಭಾರ್ಗವಿ ಶ್ರೀನಿವಾಸುಲು ಮತ್ತು ಸಂಗಡಿಗರು ಅಂದಾಜು ಮಾಡಿದರು.

ಹಿಡಿದು ನೋಡಿ ಗುರುತಿಸಹೊರಟರೆ ಇಷ್ಟು ವಿರಳವಾದ ಜೀವಿ ಬೆದರುತ್ತದೆ. ಅದಕ್ಕೆ ಧ್ವನಿಯೇ ಮದ್ದು. ಅದೇ ತಂಡದವರು ಪ್ರಕಟಿಸಿದ ಅಳತೆಯಂತೆ ಕೋಲಾರದ ಬಾವಲಿಯ ಸ್ವರ ಸೆಕೆಂಡಿಗೆ ಒಂದು ಲಕ್ಷಕ್ಕಿಂತ ತುಸು ಮೇಲಿನ ಕಂಪನಗಳದು; ಅದರ ನಂಟ ‘ದುರ್ಗಾದಾಸಿ’ಯದು ಒಂದು ಲಕ್ಷ ಎಪ್ಪತ್ತು ಸಾವಿರದ ಆಸುಪಾಸು. ರೂಪದಲ್ಲಿ ಮೋಸಹೋಗಬಹುದಾದಲ್ಲಿ ಶ್ರುತಿ ಕೈಕೊಡುವುದಿಲ್ಲ. ಆ ಕೂಗನ್ನು ಹಿಡಿಯುವ ಯಂತ್ರವೊಂದಿದೆ. ಅದು ಧ್ವನಿಯನ್ನು ಗ್ರಹಿಸಿ, ಹತ್ತು ಪಟ್ಟು ನಿಧಾನಿಸಿದರೆ ನಮಗೂ ಕೇಳುತ್ತದೆ.

ತೊಡಕಿಲ್ಲವೆಂದಲ್ಲ. ಇಷ್ಟು ಎತ್ತರದ ಸ್ವರ ಗಾಳಿಯಲ್ಲಿ ಬಹುಬೇಗ ಕರಗುತ್ತದೆ. ಯಂತ್ರ ಸಮೀಪದಲ್ಲಿದ್ದರಷ್ಟೇ ಫಲ. ಬೆಳಗಾವಿ ಜಿಲ್ಲೆಯ ಬಾರಾಪೇಡೆ ಗುಹೆಯ ರಾಟನ್ ಬಾವಲಿಯ ರೀತಿಯೇ ಬೇರೆ. ಬಯಲಿನ ಮೇಲೆ ವೇಗವಾಗಿ ಹಾರುವ ಅದರ ಕೂಗು 20,000ಕ್ಕೂ ಕೆಳಗಿನದು. ಚುರುಕು ಕಿವಿಯವರಿಗೆ ಯಂತ್ರವಿಲ್ಲದೆಯೂ ಕೇಳಬಹುದು.

ಹನುಮನಹಳ್ಳಿಯ ಬಾವಲಿಗೆ ಒದಗಿದ್ದ ದೊಡ್ಡ ಕಂಟಕ ಕಲ್ಲುಗಣಿ. ಸಿಡಿಮದ್ದಿನಿಂದ ಬಂಡೆ ಒಡೆದರೆ ಗುಹೆಯೇ ಉಳಿಯದು. ಗುಹೆ ಹೋದರೆ ಜಾತಿಯೇ ಹೋದಂತೆ. ಇದನ್ನರಿತು ಅರಣ್ಯ ಇಲಾಖೆಯು ಗುಹೆಯ ಸುತ್ತ ಸುಮಾರು 30 ಎಕರೆ ನೆಲವನ್ನು ರಕ್ಷಿತವೆಂದು ಸಾರಿದೆ. ಆದರೂ ಒಂದೇ ಮನೆಯ ವಂಶಕ್ಕೆ ಒಂದೇ ಆಪತ್ತು ಸಾಲದೆ? ಆದುದರಿಂದಲೇ ಸುತ್ತಣ ಬೆಟ್ಟಗಳ ಬಿರುಕುಗಳಲ್ಲಿ ಈ ಕೂಗಿಗಾಗಿ ಕಿವಿಗೊಡುವುದು ಮುಖ್ಯ. ಲಕ್ಷ ಕಂಪನಗಳ ಆ ಶ್ರುತಿ ಬೇರೊಂದು ಗವಿಯ ಬಾಯಲ್ಲಿ ಒಂದು ಇರುಳು ಯಂತ್ರಕ್ಕೆ ಸಿಕ್ಕಿತೆಂದರೆ, ಕೋಲಾರದ ಬಾವಲಿಗೆ ಎರಡನೆಯ ಮನೆಯೊಂದು ಇದೆಯೆಂದು ಅಂದು ನಂಬಬಹುದು.