ಕಾಣದ ದ್ವೀಪಕ್ಕೆ ದಾರಿ

ಭೂಪಟದಲ್ಲಿ ರಾಪಾನುಯಿ ದ್ವೀಪವನ್ನು ಕಂಡಾಗಲೆಲ್ಲ ನನಗೆ ಒಂದೇ ಆಶ್ಚರ್ಯ: ದಿಕ್ಸೂಚಿಯಾಗಲಿ ನಕ್ಷೆಯಾಗಲಿ ಇಲ್ಲದ ಪಾಲಿನೇಷ್ಯದ ಜನರು ಇದನ್ನು ಮುಟ್ಟಿದುದಾದರೂ ಹೇಗೆ? ದ್ವೀಪದ ವಿಸ್ತೀರ್ಣ ಸುಮಾರು 164 ಚದರ ಕಿ. ಮೀ.; ಹತ್ತಿರದ ಜನವಸತಿಯೇ ಸುಮಾರು 2,000 ಕಿ. ಮೀ. ದೂರ. ಇಂಥ ದೂರದ ದ್ವೀಪಗಳಿಗೆ ಅವರು ಆಕಸ್ಮಿಕವಾಗಿ ತೇಲಿಬಂದರೆಂದು 1956ರಲ್ಲಿ ಆಂಡ್ರ್ಯೂ ಶಾರ್ಪ್ ವಾದಿಸಿದರು. ನಾನಿದನ್ನು ಒಪ್ಪಲಾರೆ. ಅವರು ಬಂದುದು ಪಶ್ಚಿಮದಿಂದ. ಅಲ್ಲಿನ ವಾಣಿಜ್ಯ ಮಾರುತ ಬೀಸುವುದು ಪೂರ್ವದಿಂದ. ತೇಲುವವರು ಗಾಳಿಗೆದುರಾಗಿ ಇಷ್ಟು ದೂರ ಬರುವುದುಂಟೆ?

ನಕ್ಷತ್ರಗಳು ಹುಟ್ಟಿ ಮುಳುಗುವ ಎಡೆಗಳಿಂದ ನಾವಿಕನಿಗೆ ದಿಕ್ಕು ತಿಳಿಯುತ್ತದೆ. ಮೋಡ ಕವಿದರೆ ಅಲೆಗಳ ಹೊಯ್ದಾಟದಿಂದ. ಕಡೆಯ ಹಂತದಲ್ಲಿ ನೆರವಾಗುವುದು ಹಕ್ಕಿ. ಕೆಲವು ಜಾತಿಯ ಕಡಲ ಹಕ್ಕಿಗಳು ಬೆಳಿಗ್ಗೆ ಮೀನಿಗಾಗಿ ಮೂವತ್ತು ನಲವತ್ತು ಕಿ. ಮೀ. ದೂರ ಹೋಗಿ ಸಂಜೆ ನೆಲಕ್ಕೆ ಮರಳುತ್ತವೆ. ಸಂಜೆ ಅವು ಹಾರುವ ಕಡೆಯಲ್ಲೇ ದ್ವೀಪವುಂಟು. (ಬೆಳಿಗ್ಗೆ ಅವನ್ನು ಹಿಂಬಾಲಿಸಿದವನಿಗೆ ಕಡಲೇ ಗತಿ!) ಚುಕ್ಕಿಯಂಥ ದ್ವೀಪ ನಾವಿಕನ ಪಾಲಿಗೆ ಹೀಗೆ ಹಲವು ಪಟ್ಟು ಹಿಗ್ಗುತ್ತದೆ.

1976ರಲ್ಲಿ ಮೈಕ್ರೊನೇಷ್ಯದ ನಾವಿಕ ಮೌ ಪಿಯಾಯ್ಲುಗ್ ಅವರು ಯಾವ ಉಪಕರಣವೂ ಇಲ್ಲದೆ 'ಹೋಕುಲೆಅ' ಎಂಬ ಜೋಡಿದೋಣಿಗೆ ಹವಾಯಿಯಿಂದ ತಾಹಿಟಿಯವರೆಗೆ ದಾರಿ ತೋರಿದರು. ಅವರ ಶಿಷ್ಯ ನೈನೋವಾ ಥಾಮ್ಸನ್ 1999ರಲ್ಲಿ ಅದೇ ದೋಣಿಯನ್ನು ರಾಪಾನುಯಿಗೇ ಮುಟ್ಟಿಸಿದರು.